ತಾಮ್ರದ ತಗಡಿನಿಂದ ಬಂದ ಮುಖಗಳು: ಓದುಗರ ಪ್ರಶ್ನೆ, ಬ್ಲಾಕ್ ಮೇಕರ್ ಉತ್ತರ

ಮೈಸೂರಿನಲ್ಲಿ ಮೂವತ್ತೊಂದು ವರ್ಷ ಬ್ಲಾಕ್ ಮಾಡಿದವನು ನಾನು. ಪತ್ರಿಕೆಗೆ, ಮದುವೆ ಕರೆಯೋಲೆಗೆ, ಚುನಾವಣೆಗೆ ನಿಂತವರ ಕರಪತ್ರಕ್ಕೆ ಜಿಂಕ್ ತಗಡಿನ ಮೇಲೆ ಮುಖ ಇಳಿಸುವುದು ನನ್ನ ಕಸುಬು. ಬ್ಲಾಕ್ ಬೇಡದ ಆಫ್‌ಸೆಟ್ ಮುದ್ರಣ ಬಂತು, ಅಂಗಡಿ ಮುಚ್ಚಿತು. ಈಗ ವರ್ಷದಲ್ಲಿ ಕೆಲವು ತಿಂಗಳು ಇಂಗ್ಲೆಂಡಿನ ರೆಡಿಂಗ್ ಊರಲ್ಲಿ ಮಗಳ ಮನೆಯಲ್ಲಿರುತ್ತೇನೆ. ಅಲ್ಲಿ ಹಳೇ ಪುಸ್ತಕದ ಸಂತೆಗಳಲ್ಲಿ ಕೊಂಡ ಬ್ರಿಟಿಷರ ಹಳೆಯ ಕೆತ್ತನೆ ಭಾವಚಿತ್ರಗಳ ಬಗ್ಗೆ ಹೋದ ಸಂಚಿಕೆಯಲ್ಲಿ ನಾಲ್ಕು ಮಾತು ಬರೆದಿದ್ದೆ. ಇಷ್ಟೊಂದು ಕಾಗದ ಬರುತ್ತವೆ ಅಂದುಕೊಂಡಿರಲಿಲ್ಲ. ಕೆಲವಕ್ಕೆ ಇಲ್ಲಿ ಉತ್ತರ.

ಪ್ರಶ್ನೆ: ಒಂದನೇ ಎಲಿಜಬೆತ್ ರಾಣಿಯ ಚಿತ್ರವೊಂದನ್ನು ಫ್ರೇಮ್ ಸಮೇತ 4,500 ರೂಪಾಯಿಗೆ ಕೊಂಡೆ. 400 ವರ್ಷ ಹಳೆಯದು ಅಂತ ಅಂಗಡಿಯವರು ಹೇಳಿದರು. ಕಾಗದ ಹಳದಿಯಾಗಿದೆ. ಹತ್ತಿರದಿಂದ ತೆಗೆದ ಫೋಟೊ ಇಟ್ಟಿದ್ದೇನೆ. ನಿಜ ಇರಬಹುದಾ?
— ದಾವಣಗೆರೆಯ ಓದುಗರು

ಫೋಟೊ ನೋಡಿದೆ ಸಾರ್. ಬೇಜಾರು ಮಾಡಿಕೊಳ್ಳಬೇಡಿ. ರಾಣಿಯ ಕೆನ್ನೆ ಮೇಲೆ ಚುಕ್ಕೆಗಳು ಸಾಲಾಗಿ, ರಂಗೋಲಿ ಚುಕ್ಕಿ ಇಟ್ಟ ಹಾಗೆ ಕೂತಿವೆ. ಅದು ಹಾಫ್‌ಟೋನ್. ನನ್ನ ಕೈಯಲ್ಲೇ ಸಾವಿರಾರು ಅಂಥ ಬ್ಲಾಕ್ ಆಗಿವೆ. ನ್ಯೂಸ್‌ಪ್ರಿಂಟ್‌ಗೆ 65ರ ಸ್ಕ್ರೀನ್ (ಅಂಗುಲಕ್ಕೆ 65 ಸಾಲು ಚುಕ್ಕೆ), ಆರ್ಟ್ ಪೇಪರ್‌ಗೆ 120 ಅಥವಾ 133ರ ಸ್ಕ್ರೀನ್. ಕ್ಯಾಮೆರಾ ಮುಂದೆ ಗಾಜಿನ ಸ್ಕ್ರೀನ್ ಇಟ್ಟು ಫೋಟೊವನ್ನು ಚುಕ್ಕೆಗಳಾಗಿ ಒಡೆಯುವ ಈ ವಿದ್ಯೆ ಅಚ್ಚಿನ ಮನೆಗೆ ಬಂದದ್ದೇ 1880ರ ದಶಕದಿಂದೀಚೆಗೆ. ನಿಮ್ಮ ರಾಣಿ ಯಾವುದೋ ಪುಸ್ತಕದಿಂದ ಕಿತ್ತ ಹಾಳೆ. ಹಳದಿ ಬಣ್ಣ ವಯಸ್ಸಿನ ಗುರುತಲ್ಲ, ಕೆಟ್ಟ ಕಾಗದದ ಗುರುತು. 1700ರ ಚಿಂದಿಬಟ್ಟೆ ಕಾಗದ ಇವತ್ತಿಗೂ ಬೆಳ್ಳಗಿರುತ್ತದೆ. ನಮ್ಮ 1970ರ ಕಾದಂಬರಿಗಳು ಮುಟ್ಟಿದರೆ ಹಪ್ಪಳ.

ಮುಂದಿನ ಸಲ ಕೊಳ್ಳುವಾಗ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಜೇಬಲ್ಲಿರಲಿ. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಅದಾದರೂ ಸಾಕು. ನೋಡಬೇಕಾದದ್ದು ಇಷ್ಟು.

ನಮ್ಮ ಬ್ಲಾಕಿನಲ್ಲಿ, ಅಚ್ಚಿನ ಅಕ್ಷರದ ಮೊಳೆಯಲ್ಲಿ ಉಬ್ಬಿದ ಜಾಗಕ್ಕೆ ಇಂಕು ಹತ್ತುತ್ತದೆ. ತಾಮ್ರದ ಕೆತ್ತನೆಯಲ್ಲಿ ಉಲ್ಟಾ. ಬ್ಯೂರಿನ್ ಅನ್ನುವ ಪುಟ್ಟ ಉಳಿಯಿಂದ ಗೀರು ಕೊರೆದು, ಗೀರಿನೊಳಗೆ ಇಂಕು ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದ ಹಾಕಿ ಎರಡು ಉರುಳೆಗಳ ನಡುವೆ ಜಗ್ಗುತ್ತಾರೆ. ಗೀರಿನೊಳಗಿನ ಇಂಕು ಕಾಗದಕ್ಕೆ ಏರಿ, ಒಣಗಿದ ಮೇಲೆ ಗೆರೆ ಕೂದಲೆಳೆಯಷ್ಟು ಉಬ್ಬಿ ನಿಲ್ಲುತ್ತದೆ. ಅಡ್ಡ ಬೆಳಕಿನಲ್ಲಿ ಹಿಡಿದರೆ ಗೊತ್ತಾಗುತ್ತದೆ. ತಗಡಿನ ಅಂಚು ಒತ್ತಿ ಚಿತ್ರದ ಸುತ್ತ ಒಂದು ತಗ್ಗಿನ ಚೌಕ ಬೀಳುತ್ತದೆ. ಅದೇ ಪ್ಲೇಟ್ ಮಾರ್ಕ್. ಅದಿಲ್ಲ ಎಂದ ಮಾತ್ರಕ್ಕೆ ನಕಲಿ ಅನ್ನಬೇಡಿ. ಪುಸ್ತಕಕ್ಕೆ ಹೊಲಿಯುವಾಗ, ಆಲ್ಬಮ್‌ಗೆ ಅಂಟಿಸುವಾಗ ಅಂಚು ಕತ್ತರಿಸಿರುತ್ತಾರೆ. ಇದೆ ಎಂದ ಮಾತ್ರಕ್ಕೆ ಅಸಲಿ ಅಂತಲೂ ಅಲ್ಲ. ಫೋಟೊದಿಂದ ತಗಡು ಮಾಡುವ ಫೋಟೊಗ್ರಾವ್ಯೂರ್‌ಗೂ ಪ್ಲೇಟ್ ಮಾರ್ಕ್ ಇರುತ್ತದೆ.

ಇನ್ನು ಚುಕ್ಕೆ ಕಂಡ ತಕ್ಷಣ ಎಸೆಯಲೂ ಬೇಡಿ. ಸ್ಟಿಪಲ್ ಅಂತ ಒಂದು ಕೆತ್ತನೆ ಇದೆ. ಅದೆಲ್ಲ ಚುಕ್ಕೆಯದೇ ಕೆಲಸ. 1764ರಲ್ಲಿ ಲಂಡನ್ನಿಗೆ ಬಂದ ಇಟಲಿಯ ಬಾರ್ತೊಲೊಝಿ ಅದರಲ್ಲಿ ದೊಡ್ಡ ಹೆಸರು. ಅಲ್ಲಿ ಚುಕ್ಕೆ ಸಾಲಾಗಿ ಕೂರುವುದಿಲ್ಲ. ಕೆನ್ನೆಯ ಉಬ್ಬು ಎಲ್ಲಿ ತಿರುಗುತ್ತದೋ ಅಲ್ಲಿ ಚುಕ್ಕೆಯೂ ತಿರುಗುತ್ತದೆ. ಮೊದಲ ಸಲ ಒಂದು ಸ್ಟಿಪಲ್ ಮೇಲೆ ಭೂತಗನ್ನಡಿ ಇಟ್ಟಾಗ ನನಗೆ ನಾಚಿಕೆಯಾಯಿತು. ನನ್ನ ಸ್ಕ್ರೀನ್ ಯಂತ್ರ ಮಾಡಿದ್ದನ್ನು ಈ ಮನುಷ್ಯ ಒಂದೊಂದೇ ಚುಕ್ಕೆ ಇಟ್ಟು, ಅದಕ್ಕಿಂತ ಚೆನ್ನಾಗಿ ಮಾಡಿದ್ದ.

ಪ್ರಶ್ನೆ: ನನ್ನಲ್ಲಿರುವ ಚಿತ್ರದ ಕೆಳಗೆ ಪಿಂಕ್ಸ್, ಸ್ಕಲ್ಪ್ ಅಂತೆಲ್ಲ ಇದೆ. ಜೊತೆಗೆ ಒಂದು ತಾರೀಕು. ಅದೇ ಚಿತ್ರದ ವಯಸ್ಸಾ?
— ಉಡುಪಿಯ ಕಾಲೇಜು ವಿದ್ಯಾರ್ಥಿನಿ

ಒಳ್ಳೆ ಪ್ರಶ್ನೆ ಕೇಳಿದಿರಿ. ನನ್ನನ್ನು ಕೇಳಿದರೆ ಮುಖಕ್ಕಿಂತ ಮೊದಲು ಓದಬೇಕಾದದ್ದು ಈ ಕಾಲಡಿ ಬರಹವನ್ನೇ. ಎಲ್ಲ ಲ್ಯಾಟಿನ್ ಪದಗಳು. ಎಡಗಡೆ ಪಿಂಕ್ಸಿಟ್ ಅಂದರೆ ಮೂಲ ವರ್ಣಚಿತ್ರ ಬರೆದವರು. ಡೆಲಿನಿಯಾವಿಟ್ ಅಂದರೆ ರೇಖಾಚಿತ್ರ ಮಾಡಿದವರು. ಬಲಗಡೆ ಸ್ಕಲ್ಪ್‌ಸಿಟ್ ಅಂದರೆ ತಾಮ್ರ ಕೊರೆದವರು. ಎಕ್ಸ್‌ಕುಡಿಟ್ ಅಂದರೆ ಪ್ರಕಟಿಸಿದವರು. ಎಡಗಡೆಯವನಿಗೆ ಕೀರ್ತಿ, ಬಲಗಡೆಯವನಿಗೆ ಕಣ್ಣುನೋವು!

ತಾರೀಕಿನ ಕತೆ ಬೇರೆ. ಹೊಗಾರ್ತ್ ಎಂಬ ಚಿತ್ರಗಾರ ತನ್ನ ಚಿತ್ರಗಳನ್ನು ಕಂಡಕಂಡವರೆಲ್ಲ ನಕಲು ಮಾಡುತ್ತಾರೆಂದು ಗಲಾಟೆ ಮಾಡಿ 1735ರಲ್ಲಿ ಒಂದು ಕಾಯ್ದೆ ತರಿಸಿದ. ತಗಡಿನ ಮೇಲೆ ಹೆಸರು, ತಾರೀಕು ಕೊರೆದರೆ 14 ವರ್ಷ ಯಾರೂ ನಕಲು ಮಾಡುವಂತಿಲ್ಲ. 1767ರಲ್ಲಿ ಅದು 28 ವರ್ಷವಾಯಿತು. 'ಕಾಯ್ದೆಯ ಪ್ರಕಾರ ಪ್ರಕಟಿಸಿದೆ' ಎಂಬ ಸಾಲು ನಿಮ್ಮ ಚಿತ್ರದಲ್ಲೂ ಇರಬಹುದು, ನೋಡಿ.

ಆದರೆ ಆ ತಾರೀಕು ತಗಡಿನದು, ಕಾಗದದ್ದಲ್ಲ. ತಗಡು ಉಳಿದರೆ ಮೊಮ್ಮಕ್ಕಳೂ ಅಚ್ಚು ಹಾಕಬಹುದು. ನಾನೇ ಬೇಸ್ತು ಬಿದ್ದಿದ್ದೇನೆ. ಒಬ್ಬ ಬಿಷಪ್ಪನ ಚಿತ್ರದ ಕೆಳಗೆ 1793 ಅಂತ ಕೊರೆದಿತ್ತು. ಖುಷಿಯಿಂದ 30 ಪೌಂಡ್ ಕೊಟ್ಟು ತಂದೆ. ಮನೆಯಲ್ಲಿ ಕಿಟಕಿಗೆ ಹಿಡಿದರೆ ಕಾಗದದೊಳಗಿನ ನೀರಚ್ಚಿನಲ್ಲಿ ವಾಟ್‌ಮನ್ ಎಂಬ ಕಾಗದ ತಯಾರಕರ ಹೆಸರು, ಅದರಡಿ 1818. ಅಂದರೆ ಕಾಲು ಶತಮಾನ ಆದಮೇಲೆ, ಸವೆದ ತಗಡಿನಿಂದ ತೆಗೆದ ಪ್ರತಿ. ಬಿಷಪ್ಪನ ಮುಖ ಮಬ್ಬು ಏಕಿದೆ ಅಂತ ಆಮೇಲೆ ಅರ್ಥವಾಯಿತು. 1794ರ ನಂತರದ ಇಂಗ್ಲಿಷ್ ಕಾಗದಗಳಲ್ಲಿ ಹೀಗೆ ಇಸವಿ ಸಿಗುವುದುಂಟು. ಇಸವಿ ಇಲ್ಲದಿದ್ದರೂ ಬೆಳಕಿಗೆ ಹಿಡಿಯಿರಿ. ಬಲೆಯ ಗೆರೆ ಕಂಡರೆ ಹಳೇ ರೀತಿಯ ಲೇಯ್ಡ್ ಕಾಗದ. ಗೆರೆಯೇ ಇಲ್ಲದ ನಯವಾದ ವೋವ್ ಕಾಗದ ಇಂಗ್ಲೆಂಡಿನಲ್ಲಿ ಮೊದಲು ಪುಸ್ತಕವಾಗಿ ಕಂಡದ್ದು 1757ರಲ್ಲಿ. 1650ರದು ಅಂತ ತೋರಿಸಿದ ಕ್ರಾಮ್‌ವೆಲ್ (ದೊರೆಯನ್ನು ಉರುಳಿಸಿ ಇಂಗ್ಲೆಂಡ್ ಆಳಿದವನು) ವೋವ್ ಕಾಗದದ ಮೇಲೆ ಕೂತಿದ್ದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಪ್ರಶ್ನೆ: ಬರ್ಮಿಂಗ್‌ಹ್ಯಾಮ್‌ನಲ್ಲಿದ್ದೇನೆ. ಹವ್ಯಾಸ ಶುರುಮಾಡಲು 50 ಪೌಂಡ್ ಇಟ್ಟುಕೊಂಡಿದ್ದೇನೆ. ಏನು ಕೊಳ್ಳಲಿ? ಮುನ್ನೂರು ವರ್ಷದ ವಸ್ತು ಇಷ್ಟು ಅಗ್ಗಕ್ಕೆ ಹೇಗೆ ಸಿಗುತ್ತದೆ?
— ತುಮಕೂರು ಮೂಲದ ಸಾಫ್ಟ್‌ವೇರ್ ಎಂಜಿನಿಯರ್

ಅಗ್ಗ ಯಾಕೆಂದರೆ ಒಂದು ಕಾಲದಲ್ಲಿ ಇಡೀ ಇಂಗ್ಲೆಂಡಿಗೆ ಈ ಮುಖಗಳನ್ನು ಕೂಡಿಡುವ ಹುಚ್ಚು ಹಿಡಿದಿತ್ತು, ಹಾಗಾಗಿ ಬಿಡಿ ಹಾಳೆಗಳು ರಾಶಿ ರಾಶಿ ಉಳಿದಿವೆ. ಹುಚ್ಚು ಹಿಡಿಸಿದವನು ನಮ್ಮ ರೆಡಿಂಗ್ ಪಕ್ಕದವನೇ. ಜೇಮ್ಸ್ ಗ್ರೇಂಜರ್ ಅಂತ, ಶಿಪ್‌ಲೇಕ್ ಹಳ್ಳಿಯ ಪಾದ್ರಿ. 1769ರಲ್ಲಿ ಇಂಗ್ಲೆಂಡಿನ ಜೀವನಚರಿತ್ರೆಗಳ ಒಂದು ಪುಸ್ತಕ ತಂದ. ಚಿತ್ರ ಇರಲಿಲ್ಲ. ಯಾರ್ಯಾರ ಕೆತ್ತನೆ ಚಿತ್ರ ಇದೆ, ಯಾರು ಕೆತ್ತಿದ್ದು ಎಂಬ ಪಟ್ಟಿ, ಜೊತೆಗೆ ಆ ವ್ಯಕ್ತಿಯ ಬಗ್ಗೆ ನಾಲ್ಕು ಸಾಲು. ಎಲ್ಲರನ್ನೂ ಹನ್ನೆರಡು ವರ್ಗ ಮಾಡಿದ್ದ. ಮೊದಲನೆಯದು ರಾಜ-ರಾಣಿಯರು. ಹನ್ನೆರಡನೆಯದರಲ್ಲಿ ಬಡಬಗ್ಗರು: ನೂರು ದಾಟಿ ಬದುಕಿದವರು, ಅಂಗವಿಕಲರು, ಶಿಕ್ಷೆಯಾದ ಕೈದಿಗಳು, ಒಂದೇ ಒಂದು ಕಾರಣಕ್ಕೆ ಊರಿಗೆಲ್ಲ ಗೊತ್ತಾದವರು. ನನಗೆ ಆ ಹನ್ನೆರಡನೇ ವರ್ಗ ತುಂಬಾ ಇಷ್ಟ.

ಪುಸ್ತಕ ಬಂದದ್ದೇ ತಡ, ಹಣವಂತರೆಲ್ಲ ಪಟ್ಟಿ ಹಿಡಿದು ಚಿತ್ರ ಹುಡುಕಲು ಹೊರಟರು. ಬೇರೆ ಪುಸ್ತಕಗಳಿಂದ ಮುಖಗಳನ್ನು ಕತ್ತರಿಸಿ ಗ್ರೇಂಜರನ ಹಾಳೆಗಳ ನಡುವೆ ಸೇರಿಸಿ ಹೊಲಿಸಿದರು. ಒಂದು ಪುಸ್ತಕ ಹತ್ತು ಸಂಪುಟವಾಗಿ ಊದಿಕೊಳ್ಳುತ್ತಿತ್ತು. ಹೀಗೆ ಮಾಡುವುದಕ್ಕೆ ಗ್ರೇಂಜರೈಸ್ ಎಂಬ ಕ್ರಿಯಾಪದವೇ ಹುಟ್ಟಿತು. ಪಾಪ, ಪಾದ್ರಿ ಹೇಳಿದ್ದು ಪಟ್ಟಿ ಮಾಡಿ ಅಂತ, ಕತ್ತರಿ ಹಿಡಿಯಿರಿ ಅಂತಲ್ಲ. ಆತನ ಹತ್ತಿರವೇ 14,000ಕ್ಕೂ ಹೆಚ್ಚು ಚಿತ್ರಗಳಿದ್ದವು. 1776ರಲ್ಲಿ ಚರ್ಚಿನಲ್ಲಿ ಪೂಜೆ ನಡೆಸುತ್ತಿರುವಾಗಲೇ ಕುಸಿದು, ಮಾರನೇ ದಿನ ತೀರಿಕೊಂಡ.

ಹೋದ ಮೇ ತಿಂಗಳಲ್ಲಿ ಅಲ್ಲಿಗೆ ಹೋಗಿದ್ದೆ. ಟ್ವೈಫರ್ಡ್‌ನಲ್ಲಿ ರೈಲು ಬದಲಾಯಿಸಿ ಹೆನ್ಲಿ ಕಡೆಯ ಪುಟ್ಟ ರೈಲು ಹಿಡಿದರೆ ಶಿಪ್‌ಲೇಕ್. ಚರ್ಚು ಥೇಮ್ಸ್ ನದಿಯ ಮೇಲಿನ ದಿಬ್ಬದಲ್ಲಿದೆ. ಬಂದವರು ಕೇಳುವುದು ಕವಿ ಟೆನಿಸನ್‌ನ ಮದುವೆ ಇಲ್ಲೇ ಆಯಿತಂತೆ ಅಲ್ವಾ ಅಂತ. ಆಯಿತು, 1850ರಲ್ಲಿ. ನಾನು ಗ್ರೇಂಜರನಿಗೆ ಮನಸ್ಸಲ್ಲೇ ಒಂದು ನಮಸ್ಕಾರ ಹಾಕಿ ಬಂದೆ.

ಈಗ ನಿಮ್ಮ 50 ಪೌಂಡ್. ಎಡ್ಮಂಡ್ ಲಾಡ್ಜ್ ಎಂಬವರು 1814ರಿಂದ ಕಂತುಕಂತಾಗಿ ಹೊರತಂದ 240 ಭಾವಚಿತ್ರಗಳ ಸರಣಿ ಇದೆ. ದೊಡ್ಡ ಮನೆತನಗಳ ಗೋಡೆಯಲ್ಲಿದ್ದ ವರ್ಣಚಿತ್ರ ನೋಡಿ ಮಾಡಿಸಿದ್ದು. ಮೂಲ ಯಾರ ಮನೆಯಲ್ಲಿದೆ ಅಂತ ಕೆಳಗೇ ಬರೆದಿರುತ್ತದೆ. ಮುರಿದ ಸಂಪುಟಗಳ ಬಿಡಿ ಹಾಳೆ ನನಗೆ 5, 8 ಪೌಂಡಿಗೆಲ್ಲ ಸಿಕ್ಕಿದೆ. ಅಂಥ ಮೂರು ಕೊಳ್ಳಿ. ಉಳಿದ ದುಡ್ಡಿಗೆ ಹೌಬ್ರಾಕೆನ್‌ನ ಒಂದು ಚಿತ್ರ. ಅದರ ಬಗ್ಗೆ ಕೆಳಗೆ ಹೇಳುತ್ತೇನೆ. 1820ರ ದಶಕದಿಂದ ಶುರುವಾದ ಉಕ್ಕಿನ ತಗಡಿನ ಚಿತ್ರಗಳು ಇನ್ನೂ ಅಗ್ಗ. ಉಕ್ಕು ಬೇಗ ಸವೆಯುವುದಿಲ್ಲ, ಸಾವಿರಗಟ್ಟಲೆ ಪ್ರತಿ ತೆಗೆಯಬಹುದು. ಆದರೆ ಗೆರೆ ತೀರಾ ತೆಳ್ಳಗೆ, ಬೂದಿ ಬಣ್ಣಕ್ಕೆ. ಜೀವ ಕಮ್ಮಿ. ಇದು ನನ್ನ ಅಭಿಪ್ರಾಯ, ಜಗಳ ಬೇಡ.

ಕೊಳ್ಳುವ ಮೊದಲು ಆ ವ್ಯಕ್ತಿಯ ಹೆಸರು ಹಾಕಿ ಬ್ರಿಟಿಷ್ ಮ್ಯೂಸಿಯಂ ಮತ್ತು ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯ ಆನ್‌ಲೈನ್ ಸಂಗ್ರಹದಲ್ಲಿ ಹುಡುಕಿ. ದುಡ್ಡೇನೂ ಇಲ್ಲ. ನಿಮ್ಮ ಕೈಯಲ್ಲಿರುವ ಪ್ರತಿ ತಗಡು ಮೊದಲಿದ್ದ ಸ್ಥಿತಿಯದೋ, ಆಮೇಲೆ ತಗಡು ತಿದ್ದಿ ತೆಗೆದದ್ದೋ, ಕೆಳಗಿನ ಅಕ್ಷರ ಹೋಲಿಸಿದರೆ ತಿಳಿಯುತ್ತದೆ.

ಒಂದು ಮಾತು. ಒಂದು ಸಂತೆಯಲ್ಲಿ ವ್ಯಾಪಾರಿಯೊಬ್ಬ ನನ್ನೆದುರೇ ಗಟ್ಟಿಮುಟ್ಟಾದ ಪುಸ್ತಕಕ್ಕೆ ಬ್ಲೇಡು ಹಾಕಿ, 'ನಿಮಗೆ ಬೇಕಾದ್ದು ಇದೊಂದೇ ತಾನೆ' ಅಂದ. ನನಗೆ ಬೇಕಿದ್ದದ್ದು ನಿಜ. ಆದರೂ ಕೊಳ್ಳದೆ ಬಂದೆ. ಇನ್ನೂರು ವರ್ಷದ ಹಿಂದೆಯೇ ಮುರಿದದ್ದನ್ನು ಕೊಳ್ಳಿ, ನಿಮಗೋಸ್ಕರ ಮುರಿಸಬೇಡಿ.

ಪ್ರಶ್ನೆ: ಈ ಮುಖಗಳು ನಿಜವಾಗಿ ಆ ವ್ಯಕ್ತಿಗಳದ್ದೇನಾ?
— ಶಿವಮೊಗ್ಗದ ನಿವೃತ್ತ ಇತಿಹಾಸ ಮೇಷ್ಟ್ರು

ಮೇಷ್ಟ್ರೇ, ಪೂರ್ತಿ ನಂಬಬೇಡಿ. ಹೌಬ್ರಾಕೆನ್ ಅಂದೆನಲ್ಲ, ಆತ ಆಮ್‌ಸ್ಟರ್‌ಡ್ಯಾಮ್‌ನವನು. 1743ರಿಂದ 1752ರ ನಡುವೆ ಲಂಡನ್ನಿನ ಪ್ರಕಾಶಕರು ಬ್ರಿಟನ್ನಿನ ಪ್ರಸಿದ್ಧರ ಚಿತ್ರಸಂಪುಟ ತಂದಾಗ ಬಹುಪಾಲು ಕೆತ್ತಿದವನು ಆತನೇ. ಲಂಡನ್ನಿನಿಂದ ರೇಖಾಚಿತ್ರ ಹೋಗುತ್ತಿತ್ತು, ಅಲ್ಲಿಂದ ಕೆತ್ತನೆ ಬರುತ್ತಿತ್ತು. ಬಂದದ್ದು ಯಾರ ಮುಖ ಅಂತ ವಿಚಾರಿಸದೆ ಕೆತ್ತಿದ, ಸೋಮರ್‌ಸೆಟ್ ಅರ್ಲ್ ಮತ್ತು ಕ್ರಾಮ್‌ವೆಲ್‌ನ ಕಾರ್ಯದರ್ಶಿ ಥರ್ಲೊ ಇಬ್ಬರ ಮುಖವೂ ಅವರದ್ದಲ್ಲ ಎಂದು ಆ ಕಾಲದ ಲೇಖಕ ಹೊರೇಸ್ ವಾಲ್‌ಪೋಲ್ ಆಗಲೇ ಗೊಣಗಿದ್ದ. ನನ್ನ ಹತ್ತಿರ ಥರ್ಲೊ ಇದ್ದಾನೆ. ಯಾರ ಮುಖವೋ ಏನೋ, ಕೆತ್ತನೆ ಕೆಲಸ ಮಾತ್ರ ಅದ್ಭುತ.

ಇನ್ನೂ ಮಜಾ ಬೇಕೆ? ಫ್ರೆಂಚ್ ಕೆತ್ತನೆಗಾರ ಪಿಯರ್ ಲಾಂಬಾರ್ ಕುದುರೆ ಮೇಲೆ ಕೂತ ವೀರನೊಬ್ಬನ ದೊಡ್ಡ ತಗಡು ಮಾಡಿದ. ವಿನ್ಯಾಸ ವಾನ್ ಡೈಕ್ ಬರೆದ ಒಂದನೇ ಚಾರ್ಲ್ಸ್ ದೊರೆಯ ವರ್ಣಚಿತ್ರದ್ದು. ಈ ತಗಡಿನ ಪ್ರತಿಗಳನ್ನು ಸಾಲಾಗಿ ಇಟ್ಟರೆ ಒಂದರಲ್ಲಿ ಕ್ರಾಮ್‌ವೆಲ್ ತಲೆ, ಒಂದರಲ್ಲಿ ಚಾರ್ಲ್ಸ್ ತಲೆ, ಒಂದರಲ್ಲಿ ತಲೆಯೇ ಇಲ್ಲ! ಕುದುರೆ, ಕವಚ ಎಲ್ಲ ಅದೇ. ಅಧಿಕಾರ ಬದಲಾದ ಹಾಗೆ ತಲೆ ಉಜ್ಜಿ ಬೇರೆ ಕೆತ್ತಿದ್ದಾರೆ. 1649ರಲ್ಲಿ ಚಾರ್ಲ್ಸ್‌ನ ತಲೆ ನಿಜವಾಗಿಯೇ ಹೋಯಿತಲ್ಲ, ತಾಮ್ರದ ಮೇಲೂ ಅದೇ ಗತಿ. ನಗಬೇಡಿ. ನಮ್ಮ ಅಂಗಡಿಯಲ್ಲೂ ಒಂದು ಪಂಚಾಯ್ತಿ ಚುನಾವಣೆಯಲ್ಲಿ ಹಳೇ ಅಭ್ಯರ್ಥಿಯ ಹಾರ ಹಾಕಿದ ದೇಹಕ್ಕೆ ಹೊಸ ಅಭ್ಯರ್ಥಿಯ ತಲೆ ಅಂಟಿಸಿ ಬ್ಲಾಕ್ ಮಾಡಿಕೊಟ್ಟಿದ್ದೇವೆ. ಗೆದ್ದರು ಕೂಡ.

ಪ್ರಶ್ನೆ: ಮೆಝೊಟಿಂಟ್ ಅಂದರೇನು? ಯಾಕಷ್ಟು ದುಬಾರಿ?
— ಹುಬ್ಬಳ್ಳಿಯ ಓದುಗರು

ಮಸಿ ಹಿಡಿದ ಪಾತ್ರೆಯ ತಳ ನೆನಪಿಸಿಕೊಳ್ಳಿ. ಉಜ್ಜಿದಷ್ಟೂ ಬೆಳ್ಳಗಾಗುತ್ತದೆ. ಮೆಝೊಟಿಂಟ್ ಹಾಗೇ. ಹಲ್ಲುಹಲ್ಲಿನ ಉಪಕರಣವನ್ನು ತೊಟ್ಟಿಲ ಹಾಗೆ ತೂಗುತ್ತಾ ಇಡೀ ತಗಡನ್ನು ತರಿತರಿ ಮಾಡುತ್ತಾರೆ. ಆಗ ಇಂಕು ಹಚ್ಚಿದರೆ ಅಚ್ಚ ಕಪ್ಪು. ಆಮೇಲೆ ಹಣೆ, ಮೂಗು, ಜರಿ ಅಂಚು ಹೀಗೆ ಬೆಳಕು ಬೇಕಾದಲ್ಲೆಲ್ಲ ಕೆರೆದು ನಯ ಮಾಡುತ್ತಾರೆ. ಕತ್ತಲೆಯಿಂದ ಮುಖ ಎದ್ದು ಬರುತ್ತದೆ. 1642ರಲ್ಲಿ ಲುಡ್ವಿಗ್ ಫಾನ್ ಝೀಗನ್ ಎಂಬ ಜರ್ಮನ್ ಶುರುಮಾಡಿದ್ದು. ಇಂಗ್ಲೆಂಡಿನವರು ಎಷ್ಟು ಬೆಳೆಸಿದರೆಂದರೆ ಫ್ರೆಂಚರು ಅದನ್ನು 'ಇಂಗ್ಲಿಷ್ ರೀತಿ' ಅಂತಲೇ ಕರೆದರು. ಚಿತ್ರಗಾರ ಜೋಶುವಾ ರೆನಾಲ್ಡ್ಸ್ ಬರೆದ ಮುಖಗಳು ಮನೆಮನೆ ತಲುಪಿದ್ದು ಮೆಕಾರ್ಡೆಲ್‌ನಂಥ ಮೆಝೊಟಿಂಟ್ ಕೆತ್ತನೆಗಾರರಿಂದ.

ಆ ತರಿ ಬಹಳ ಸೂಕ್ಷ್ಮ. ನೂರಿನ್ನೂರು ಪ್ರತಿ ಆಗುವಷ್ಟರಲ್ಲಿ ಕಪ್ಪು ಕಂದುತ್ತದೆ. ಅದಕ್ಕೇ ಬೆಲೆ. ನನ್ನಲ್ಲಿರುವುದು ಒಂದೇ, ಅದೂ ಸವೆದದ್ದು.

ಪ್ರಶ್ನೆ: ನಮ್ಮನ್ನು ಲೂಟಿ ಮಾಡಿದವರ ಮುಖಗಳನ್ನು ಯಾಕೆ ಸಾರ್ ಕೂಡಿಡುತ್ತೀರಿ? ಅದೂ ಮೈಸೂರಿನವರಾಗಿ!
— ಮಂಡ್ಯದ ಓದುಗರು

ಬೈದು ಬರೆದಿದ್ದೀರಿ, ಸರಿಯಾಗಿಯೇ ಇದೆ. ನನ್ನ ಮೇಜಿನ ಖಾನೆಯಲ್ಲಿ ಬ್ರಿಟಿಷ್ ಸೇನಾಧಿಕಾರಿ ಡೇವಿಡ್ ಬೇರ್ಡ್ ಇದ್ದಾನೆ. ಅಂಗೈಯಷ್ಟು ಸ್ಟಿಪಲ್ ಚಿತ್ರ, 6 ಪೌಂಡ್. 1780ರ ಪೊಲ್ಲಿಲೂರು ಯುದ್ಧದಲ್ಲಿ ಹೈದರನ ಕಡೆಯವರಿಗೆ ಸೆರೆಸಿಕ್ಕು ಶ್ರೀರಂಗಪಟ್ಟಣದಲ್ಲಿ ಮೂರೂವರೆ ವರ್ಷಕ್ಕೂ ಮೇಲೆ ಬಂದಿಯಾಗಿದ್ದವನು. ಮಗನನ್ನು ಇನ್ನೊಬ್ಬ ಕೈದಿಯ ಜೊತೆ ಸರಪಳಿ ಹಾಕಿ ಕಟ್ಟಿದ್ದಾರೆ ಅಂತ ಕೇಳಿ ಅವನ ತಾಯಿ, ನಮ್ಮ ಡೇವಿ ಜೊತೆ ಕಟ್ಟಿಸಿಕೊಂಡವನ ಪಾಡು ಪಾಪ ಅಂದಳಂತೆ. 1799ರ ಮೇ 4ರಂದು ಅದೇ ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಇದೇ ಬೇರ್ಡ್. ಮಾರನೇ ದಿನ ಊರಿನ ಅಧಿಕಾರ ಸಿಕ್ಕಿದ್ದು ಆರ್ಥರ್ ವೆಲ್ಲೆಸ್ಲಿಗೆ, ಗವರ್ನರ್ ಜನರಲ್‌ನ ತಮ್ಮನಿಗೆ. ಬೇರ್ಡ್ ಸಾಯುವ ತನಕ ಅದನ್ನು ಮರೆಯಲಿಲ್ಲ. ಸ್ಟಿಪಲ್‌ನಲ್ಲಿ ಅವನ ತುಟಿ ನೋಡಿದರೆ ಆ ಸಿಟ್ಟು ಕಾಣುತ್ತದೆ ಅಂತ ನನಗೆ ಅನಿಸುತ್ತದೆ. ಸುಮ್ನೆ ನನ್ನ ಕಲ್ಪನೆ ಇರಬಹುದು.

1799ರಲ್ಲಿ ಕೋಟೆಗೆ ನುಗ್ಗಿದ ಆ ಯುದ್ಧದ ದೊಡ್ಡ ಚಿತ್ರವನ್ನು ರಾಬರ್ಟ್ ಕೆರ್ ಪೋರ್ಟರ್ ಎಂಬ ಹುಡುಗ 1800ರಲ್ಲಿ ಲಂಡನ್ನಿನಲ್ಲಿ ಬರೆದ. ನೂರಡಿಗೂ ಉದ್ದ. ಅವನು ಶ್ರೀರಂಗಪಟ್ಟಣ ಕಂಡವನೇ ಅಲ್ಲ. ಜನ ದುಡ್ಡು ಕೊಟ್ಟು ನೋಡಿದರು. ಆಮೇಲೆ ವೆಂಡ್ರಮಿನಿ ಎಂಬ ಕೆತ್ತನೆಗಾರ ಅದನ್ನು ಮೂರು ದೊಡ್ಡ ಸ್ಟಿಪಲ್ ಚಿತ್ರ ಮಾಡಿದ. ಟಿಪ್ಪುವಿನ ಸಾವು ಹೀಗೆ ಇಂಗ್ಲೆಂಡಿನ ಬೈಠಕ್‌ಖಾನೆಗಳ ಗೋಡೆಗೇರಿತು. ಅವರು ನಮ್ಮನ್ನು ಹೇಗೆ ನೋಡಿದರು, ತಮ್ಮನ್ನು ಹೇಗೆ ತೋರಿಸಿಕೊಂಡರು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಅದಕ್ಕೇ ಕೂಡಿಡುತ್ತೇನೆ. ಗೋಡೆಗೆ ಹಾಕುವುದಿಲ್ಲ. ಗೋಡೆಯಲ್ಲಿ ನಮ್ಮಪ್ಪನ ಫೋಟೊ ಇದೆ.

ಪ್ರಶ್ನೆ: ಸಕಲೇಶಪುರದ ಮಳೆ ನಿಮಗೆ ಗೊತ್ತಲ್ಲ. ಅಜ್ಜನ ಕಾಲದ ನಾಲ್ಕು ಚಿತ್ರಗಳಿಗೆ ಬೂಷ್ಟು, ಕಂದು ಚುಕ್ಕೆ. ಲ್ಯಾಮಿನೇಟ್ ಮಾಡಿಸಲಾ?
— ಕಾಫಿ ಬೆಳೆಗಾರರೊಬ್ಬರು

ದಯವಿಟ್ಟು ಬೇಡ! ಲ್ಯಾಮಿನೇಟ್ ಮಾಡಿದರೆ ಮುಗಿಯಿತು, ವಾಪಸ್ ಇಲ್ಲ. ನನ್ನ ಒಂದು ಒಳ್ಳೆ ಚಿತ್ರವನ್ನು ಫ್ರೇಮ್ ಅಂಗಡಿಯವರು ಪ್ಲೈವುಡ್‌ಗೆ ಗೋಂದು ಹಾಕಿ ಅಂಟಿಸಿಬಿಟ್ಟರು. ಎರಡೇ ಮಳೆಗಾಲ. ಗೆದ್ದಲು ಹಿಂದಿನಿಂದ ಬಂದು ಮುಖದ ವರೆಗೆ ತಿಂದಿತ್ತು.

ಫ್ರೇಮಿನಿಂದ ಬಿಡಿಸಿ. ಒಣ ಹವೆಯ ದಿನ ನೆರಳಲ್ಲಿ ಇಡಿ, ಬಿಸಿಲಿಗಲ್ಲ. ಬೂಷ್ಟನ್ನು ಮೆತ್ತನೆ ಬ್ರಷ್‌ನಿಂದ ಮನೆ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿ ಝಾಡಿಸಿ. ಕಂದು ಚುಕ್ಕೆ ಇರಲಿ ಬಿಡಿ. ಬ್ಲೀಚಿಂಗ್ ಪೌಡರ್ ಪ್ರಯೋಗ ಮಾಡಬೇಡಿ, ಚುಕ್ಕೆ ಜೊತೆ ಕಾಗದವೂ ಹೋಗುತ್ತದೆ. ಬೈಂಡಿಂಗ್‌ನವರ ಮೈಲುತುತ್ತ ಹಾಕಿದ ಮೈದಾ ಅಂಟೂ ಬೇಡ. ಹುಳ ಬರಲ್ಲ ನಿಜ, ಆದರೆ ತಾಮ್ರದ ಉಪ್ಪು ಕಾಗದವನ್ನೇ ಸುಡುತ್ತದೆ. ಆಸಿಡ್ ಇಲ್ಲದ ಬೋರ್ಡಿನ ಮೌಂಟ್ ಮಾಡಿಸಿ, ಗಾಜು ಚಿತ್ರಕ್ಕೆ ತಾಗದ ಹಾಗೆ ಇರಲಿ. ಮೇಲಂಚಿನಲ್ಲಿ ಮಾತ್ರ ಎರಡು ಜಪಾನಿ ಕಾಗದದ ತುಂಡಿನಿಂದ ನೇತು ಹಾಕಬೇಕು. ಹೊರಗೋಡೆಗೆ ತೂಗುಹಾಕಬೇಡಿ, ಮಲೆನಾಡಿನಲ್ಲಿ ಅದು ಬೆವರುತ್ತದೆ.

ಪ್ರಶ್ನೆ: ಮಗ ಲಂಡನ್ನಿನಲ್ಲಿದ್ದಾನೆ. ಮನೆಯಲ್ಲಿರುವ ಹಳೇ ಚಿತ್ರಗಳನ್ನು ಅವನಿಗೆ ಕಳಿಸಬಹುದಾ?
— ಬೆಂಗಳೂರು ಜಯನಗರದ ಓದುಗರು

ಜೋಪಾನ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಕಲಾಕೃತಿಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಬ್ರಿಟಿಷರದ್ದೇ ಚಿತ್ರ, ಬ್ರಿಟನ್ನಿಗೇ ಹೋಗುತ್ತಿದೆ ಅಂದರೂ ಕೇಳುವುದಿಲ್ಲ. ಹಳೆಯದೋ ಅಲ್ಲವೋ ಎಂಬ ಅನುಮಾನ ಇದ್ದರೆ ಪುರಾತತ್ವ ಇಲಾಖೆಗೆ ತೋರಿಸಿ ಪ್ರಮಾಣಪತ್ರ ಪಡೆಯಿರಿ.

ಅದಕ್ಕೇ ನನ್ನ ಚಿತ್ರಗಳೆಲ್ಲ ರೆಡಿಂಗ್‌ನಲ್ಲೇ ಇವೆ. ಗೆದ್ದಲಿನ ಪಾಲಾದದ್ದನ್ನು ಬಿಟ್ಟರೆ, ಗೊತ್ತಿಲ್ಲದೆ ಸೂಟ್‌ಕೇಸಿನಲ್ಲಿ ಮೈಸೂರಿಗೆ ತಂದದ್ದು ಒಂದನ್ನೇ, ಬೇರ್ಡ್‌ನನ್ನು. ಈಗ ಅವನು ವಾಪಸ್ ಹೋಗುವಂತಿಲ್ಲ. ಶ್ರೀರಂಗಪಟ್ಟಣದಿಂದ ಹದಿನೈದಿಪ್ಪತ್ತು ಕಿಲೋಮೀಟರ್ ದೂರದಲ್ಲಿ, ನಮ್ಮ ಮನೆ ಮೇಜಿನ ಖಾನೆಯಲ್ಲಿ ಮತ್ತೆ ಸೆರೆ.